ದೇವರ ಅಂಜಿಕೆ ಮತ್ತು ಶೀಲ

ಕಳೆದ ಬಿಳಿಜೋಳದ ಸುಗ್ಗಿಯಲ್ಲಿ ರೋಣದ ಸೀಮೆಯ ಅಬ್ಬಿಗೇರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಾನು ಕ್ರೈಸ್ತನೆಂಬುದನ್ನು ಬಲ್ಲವರು. ಅವರೊಂದು ಪ್ರಶ್ನೆ ಹಾಕಿದರು: “ಮಾಸ್ತರ, ಪ್ಯಾಟಿಗೆ ಹೋದ ಹುಡುಗರಿಗೆ ದೇವರ ಅಂಜಿಕಿ ಉಳದಿಲ್ಲ. ಗಂಡಾಗಲಿ ಹೆಣ್ಣಾಗಲಿ, ಮನಸಿಗೆ ಬಂದಂಗ ನಡೀತಾರ. ನಿಮ್ಮ ಮಂದ್ಯಾಗೂ ಹಂಗ ಐತೇನ್ರಿ?”

“ಹೌದ್ರಿ, ನಮ್ಮಲ್ಲೂ ಹಂಗ ಐತಿ” ಎಂದೆ. ಬೆಟಗೇರಿಗೆ ಮರಳುವ ಬಸ್ಸಿನಲ್ಲಿ ಕುಳಿತಾಗ ಆ ಉತ್ತರದಲ್ಲಿ ಅರ್ಧ ಮಾತ್ರ ನಿಜವೆನಿಸಿತು. ಉಳಿದ ಅರ್ಧವನ್ನು ಇಂದು ಶ್ರೋತೃಗಳ ಮುಂದೆ ಇಡುತ್ತೇನೆ.

ನಂಬಿಕೆ ಇಳಿಮುಖವಾಗಿದೆಯೆಂಬುದರಲ್ಲಿ ಸಂಶಯವಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ನಮ್ಮ ಸೀಮೆಯವರೆಗೂ ಅದರ ಬೋಧಕರು ಬಂದರು. ಅದೇ ಬಾಸೆಲಿನಲ್ಲಿ ಇಂದು ಯಾವ ಧರ್ಮಸಭೆಗೂ ಸೇರದವರ ಗುಂಪೇ ದೊಡ್ಡದು. ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಯಿಸಿದವರು 2011ರಲ್ಲಿ ನೂರಕ್ಕೆ 59, 2021ರಲ್ಲಿ 46. ತಮಗೆ ಧರ್ಮವೇ ಇಲ್ಲವೆಂದವರು 37. ನಮ್ಮ ರಾಜ್ಯದಲ್ಲಿ 2011ರ ಗಣತಿಯಂತೆ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಇಲ್ಲಿ ಧರ್ಮವಿಲ್ಲವೆಂದು ಬರೆಯಿಸುವವರು ವಿರಳ. ಆದರೆ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಎದೆಯಲ್ಲಿ ನಂಬಿಕೆಯಿರುವುದು ಬೇರೆ.

ಹಿಂದೆ ಸಭೆಯ ಶಿಸ್ತು ಬಿಗಿಯಾಗಿತ್ತು. ಹಿರಿಯರು ಮನೆಮನೆಯ ನಡತೆಯನ್ನು ವಿಚಾರಿಸುತ್ತಿದ್ದರು. ತಪ್ಪಿದವರನ್ನು ಕರ್ತನ ಭೋಜನದಿಂದ ದೂರವಿಡುತ್ತಿದ್ದರು. ಈ ಶಿಸ್ತಿನಿಂದ ಕುಡಿತ ಬಿಟ್ಟವರುಂಟು, ಮುರಿಯಲಿದ್ದ ಸಂಸಾರ ಉಳಿಸಿಕೊಂಡವರುಂಟು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಚಿಕ್ಕಂದಿನಲ್ಲಿ ಒಂದು ಹಳ್ಳಿಯ ಸಭೆಯಲ್ಲಿ ಕಂಡದ್ದನ್ನು ಇನ್ನೂ ಮರೆತಿಲ್ಲ. ಬಸುರಾಗಿದ್ದ ಹೆಣ್ಣುಮಗಳೊಬ್ಬಳು ತಪ್ಪೊಪ್ಪಿಕೊಳ್ಳಲು ಎಲ್ಲರ ಮುಂದೆ ನಿಂತಿದ್ದಳು. ಅವಳೊಡನೆ ತಪ್ಪಿದ ಗಂಡಸು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಅವನು ಹಿಂದಿನ ಸಾಲಿನಲ್ಲಿ ಕುಳಿತು ಕೀರ್ತನೆ ಹಾಡುತ್ತಿದ್ದ. ಅವನನ್ನು ಯಾರೂ ಕರೆಯಲಿಲ್ಲ. ಆ ಹೆಣ್ಣುಮಗಳು ಮುಂದೆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಅವಳ ನಂಬಿಕೆ ಕೆಡಿಸಿದವರು ಯಾರು? ಸಿನೆಮಾವೆ? ಪೇಟೆಯೆ? ಇಲ್ಲ, ದೇವರ ಹೆಸರು ಹೇಳುತ್ತಿದ್ದ ನಾವೇ.

ಈ ಎರಡು ಅಳತೆ ಕಾಯಿದೆಯಲ್ಲಿಯೂ ಇತ್ತು. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿವಾಹವಿಚ್ಛೇದನ ಕಾಯಿದೆಯಂತೆ, ಹೆಂಡತಿ ಪರಪುರುಷನನ್ನು ಕೂಡಿದಳೆಂದು ತೋರಿಸಿದರೆ ಗಂಡನಿಗೆ ಬಿಡುಗಡೆ ಸಿಗುತ್ತಿತ್ತು. ಗಂಡನು ಪರಸ್ತ್ರೀಯನ್ನು ಕೂಡಿದನೆಂಬುದಷ್ಟೇ ಹೆಂಡತಿಗೆ ಸಾಲದು. ಅದರೊಡನೆ ಅವನ ಕ್ರೌರ್ಯವನ್ನೋ, ಎರಡು ವರ್ಷ ತನ್ನನ್ನು ತೊರೆದಿದ್ದನೆಂಬುದನ್ನೋ, ಅಂಥ ಬೇರೊಂದು ಅಪರಾಧವನ್ನೋ ಆಕೆ ಸಿದ್ಧಪಡಿಸಬೇಕಿತ್ತು. ಈ ಮಾದರಿಯನ್ನು ನಮಗೆ ಕೊಟ್ಟ ಇಂಗ್ಲೆಂಡ್ 1923ರಲ್ಲಿಯೇ ಅದನ್ನು ತಿದ್ದಿಕೊಂಡಿತು. ನಮ್ಮ ಕಾಯಿದೆ ತಿದ್ದುಪಡಿಯಾದದ್ದು 2001ರಲ್ಲಿ. 132 ವರ್ಷಗಳ ಕಾಲ ಒಂದೇ ತಪ್ಪಿಗೆ ಎರಡು ತೂಕದ ಕಲ್ಲುಗಳಿದ್ದವು.

ಸುವಾರ್ತೆಯಲ್ಲಿ ಯೋಹಾನನು ಹೇಳುವ ಪ್ರಸಂಗವೊಂದಿದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಯೇಸುವಿನ ಮುಂದೆ ತಂದು ನಿಲ್ಲಿಸುತ್ತಾರೆ. ಮೋಶೆಯ ಧರ್ಮಶಾಸ್ತ್ರದಲ್ಲಿ ದಂಡನೆ ಇಬ್ಬರಿಗೂ ಉಂಟು. ಹಾಗಿದ್ದರೂ ಗಂಡಸಿನ ಸುಳಿವೇ ಅಲ್ಲಿಲ್ಲ. ಕಲ್ಲೆತ್ತುವವರು ಮೊದಲು ತಮ್ಮನ್ನು ನೋಡಿಕೊಳ್ಳುವಂತೆ ಯೇಸು ಮಾಡಿದಾಗ ಹಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು. ಅವನು ಆಕೆಗೆ ಶಿಕ್ಷೆ ವಿಧಿಸಲಿಲ್ಲ. ತಪ್ಪನ್ನು ಸರಿಯೆಂದೂ ಅನ್ನಲಿಲ್ಲ, ಆ ದಾರಿ ಬಿಡೆಂದು ಕಳುಹಿಸಿದನು. ಬೆಟ್ಟದ ಮೇಲಿನ ಬೋಧನೆಯಲ್ಲಂತೂ ಗಂಡಸಿನ ಕಣ್ಣಿನ ಕಾಮವನ್ನೇ ಪಾಪವೆಂದು ಎಣಿಸಿದನು. ಹೆಣ್ಣಿನ ನಡೆಯನ್ನು ಕಾಯುತ್ತಿದ್ದ ಸಮಾಜಕ್ಕೆ ಗಂಡಿನ ನೋಟವನ್ನು ಕಾಯಲು ಹೇಳಿದ ಮಾತು ಅದು.

ಕಾಯಿದೆಯ ಬೆತ್ತವೂ ಈಗ ಸಡಿಲಾಗಿದೆ. ಪರರ ಹೆಂಡತಿಯನ್ನು ಕೂಡಿದ ಗಂಡಸಿಗೆ ಸೆರೆವಾಸ ವಿಧಿಸುತ್ತಿದ್ದ ದಂಡಸಂಹಿತೆಯ 497ನೆಯ ಕಲಮನ್ನು ಸುಪ್ರೀಂ ಕೋರ್ಟು 2018ರಲ್ಲಿ ರದ್ದುಪಡಿಸಿತು. ಹೆಂಡತಿಯನ್ನು ಗಂಡನ ಆಸ್ತಿಯೆಂಬಂತೆ ಕಂಡ ಕಲಮು ಅದು. ವ್ಯಭಿಚಾರ ಇಂದಿಗೂ ವಿಚ್ಛೇದನಕ್ಕೆ ಕಾರಣವೇ. ಜೈಲಿಗೆ ಮಾತ್ರ ಕಾರಣವಲ್ಲ. ಇನ್ನು ಮನುಷ್ಯನನ್ನು ತಡೆಯುವುದು ಯಾವುದು?

ಅಬ್ಬಿಗೇರಿಯಂಥ ಊರಲ್ಲಿ ಓಣಿಯ ಹೊಸ್ತಿಲಿಗೊಂದು ಕಣ್ಣು ಇರುತ್ತದೆ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಆ ಕಣ್ಣುಗಳಿಲ್ಲ. ನಾವು ದೇವರ ಅಂಜಿಕೆಯೆಂದು ಕರೆದದ್ದರಲ್ಲಿ ಬಹುಪಾಲು ಓಣಿಯ ಅಂಜಿಕೆಯಾಗಿತ್ತು. ಊರು ಬಿಟ್ಟೊಡನೆ ಅದು ಹೋದರೆ ಸೋಜಿಗವಿಲ್ಲ. ಆದರೆ ವಿವಾಹದ ದಿನ ವೇದಿಕೆಯ ಮುಂದೆ ಗಂಡೂ ಹೆಣ್ಣೂ ನಿಷ್ಠೆಯ ಪ್ರಮಾಣ ಮಾಡುತ್ತಾರಷ್ಟೆ. ಯಾರೂ ಕಾಣದ ಕಡೆಯಲ್ಲಿಯೂ ಆ ಮಾತನ್ನು ಉಳಿಸಿಕೊಳ್ಳುವುದೇ ಶೀಲ. ನಂಬಿಕೆ ಬೇಕಾಗುವುದು ಅಲ್ಲಿಯೇ.

ಮಕ್ಕಳಲ್ಲಿ ಇದು ಬೆಳೆಯಬೇಕಾದರೆ ಮನೆಯಲ್ಲಿ ಅಳತೆ ಒಂದೇ ಇರಬೇಕು. ಮಗಳು ಸಂಜೆ ತಡಮಾಡಿ ಬಂದರೆ ಕೇಳುವ ಪ್ರಶ್ನೆಯನ್ನು ಮಗನಿಗೂ ಕೇಳೋಣ. ತಪ್ಪಿ ಬಂದ ಮಗನಿಗೆ ಊಟ ಬಡಿಸಿ, ತಪ್ಪಿ ಬಂದ ಮಗಳಿಗೆ ಕದ ಹಾಕುವುದು ಬೇಡ. ಈ ಮಾತು ಕ್ರೈಸ್ತರ ಮನೆಗಷ್ಟೇ ಸಲ್ಲುವುದೆಂದು ನಾನು ತಿಳಿದಿಲ್ಲ.

ಮುಂದಿನ ಸುಗ್ಗಿಗೆ ಅಬ್ಬಿಗೇರಿಗೆ ಹೋದಾಗ ಆ ಹಿರಿಯರ ಪಕ್ಕದಲ್ಲಿ ಕುಳಿತು ಉಳಿದ ಅರ್ಧ ಉತ್ತರವನ್ನು ಹೇಳಬೇಕೆಂದಿದ್ದೇನೆ.