ಸುಣ್ಣಗಲ್ಲಿನ ದಾರಿ

ಇಂಗ್ಲೆಂಡಿನ ದಕ್ಷಿಣದಲ್ಲಿ ವಿಂಚೆಸ್ಟರಿನಿಂದ ಈಸ್ಟ್‌ಬೋರ್ನ್ ಕಡಲವರೆಗೆ ಸುಮಾರು 160 ಕಿಲೋಮೀಟರ್ ಉದ್ದದ ‘ಸೌತ್ ಡೌನ್ಸ್ ವೇ’ ಇದೆ. ಬಹುಪಾಲು ಗುಡ್ಡಗಳ ನೆತ್ತಿಯ ಮೇಲೇ ಸಾಗುವ ಬಿಳಿ ದಾರಿ. ಅಗಲ ಟೈರಿನ ಗ್ರಾವೆಲ್ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಮಳೆ ಬಿತ್ತೋ, ಸುಣ್ಣಗಲ್ಲು ಸೋಪಿನಂತೆ ಜಾರುತ್ತದೆ. ನಡುವಿನ ಚಕಮಕಿ ಕಲ್ಲಿನ ಚೂರು ಟೈರನ್ನೇ ಸೀಳೀತು.

ಕುದುರೆ ಸವಾರರೂ ನಡೆಯುವವರೂ ಬಳಸುವ ಇಂಥ ‘ಕುದುರೆ ದಾರಿ’ಗಳಲ್ಲಿ ಸೈಕಲ್ ತುಳಿಯುವ ಹಕ್ಕು ಸಿಕ್ಕಿದ್ದು 1968ರ ಕಾಯ್ದೆಯಿಂದ. ಆದರೆ ಒಂದು ಷರತ್ತು: ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವರು ದಾರಿ ಬಿಡಬೇಕು. ಚಕ್ರದವನು ಕಾಲಿನವನಿಗಾಗಿ ಕಾಯಲಿ ಎಂದು ಕಾನೂನೇ ಹೇಳುವುದು ನನಗಂತೂ ಬಲು ಹಿಡಿಸಿತು. ನಮ್ಮ ಫುಟ್‌ಪಾತುಗಳ ಮಾತು ಬೇಡ ಬಿಡಿ!

ಕುರಿ ಮೇಯುವ ಹುಲ್ಲುಗಾವಲುಗಳಲ್ಲಿ ಗೇಟು ಸಿಕ್ಕಾಗಲೆಲ್ಲ ಇಳಿದು, ತೆರೆದು, ದಾಟಿ, ಮತ್ತೆ ಚಿಲಕ ಹಾಕಬೇಕು. ನಿಮ್ಮ ಮಕ್ಕಳು ಅಲ್ಲಿದ್ದರೆ ಹೇಳಿ: ಬೇಸಿಗೆ ನೋಡಿ ಹೊರಡಲಿ, ಒಂದು ಟ್ಯೂಬು ಹೆಚ್ಚಿಗೇ ಇಟ್ಟುಕೊಳ್ಳಲಿ.