ಬಿಟ್ಟುಕೊಡುವ ಧೈರ್ಯ



ಗಳಿಸುವುದನ್ನು ಕಲಿಸುವವರು ಬಹಳ. ಗಳಿಸಿದ್ದನ್ನು ಬಿಡುವುದನ್ನು ಕಲಿಸುವವರು ವಿರಳ. ಆದುದರಿಂದ ಇಂದು ನಾವು ಚೀನಾ ದೇಶದ ಒಂದು ಅರಸುಮನೆತನದ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇವೆ.

ಕ್ರಿ.ಶ. 852ರಲ್ಲಿ ಹುಟ್ಟಿದ ಚಿಯೆನ್ ಲಿಯು ತಾರುಣ್ಯದಲ್ಲಿ ಕದ್ದುಮುಚ್ಚಿ ಉಪ್ಪು ಮಾರುತ್ತಿದ್ದವನು. ತಾಂಗ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ ದಂಡು ಸೇರಿ ದಳಪತಿಯಾದನು. ಅವನ ಒಡೆಯ ದೋಂಗ್ ಚಾಂಗ್ 895ರಲ್ಲಿ ತಾನೇ ಚಕ್ರವರ್ತಿಯೆಂದು ಸಾರಿಕೊಂಡನು. ಮರುವರ್ಷ ಲಿಯುವೇ ಅವನನ್ನು ಸೋಲಿಸಿದನು. 907ರಲ್ಲಿ ವೂ-ಯೂಎ ರಾಜ್ಯದ ಅರಸನಾದರೂ ಲಿಯು ಚಕ್ರವರ್ತಿ ಪದವಿಗೆ ಕೈ ಚಾಚಲಿಲ್ಲ. 910ರಲ್ಲಿ ಬಿದಿರು ಬುಟ್ಟಿಗಳಲ್ಲಿ ಕಲ್ಲು ತುಂಬಿಸಿ, ಉಬ್ಬರದ ನೀರಿಗೆ ಒಡ್ಡು ಕಟ್ಟಿಸಿ ಹಾಂಗ್‌ಚೌ ನಗರವನ್ನು ಕಾಯ್ದನು.

ಮೊಮ್ಮಗ ಚಿಯೆನ್ ಚೂನ ಕಾಲಕ್ಕೆ ಸುಂಗ್ ವಂಶ ಪ್ರಬಲವಾಯಿತು. ಎದುರು ನಿಂತ ನೆರೆಯ ದಕ್ಷಿಣ ತಾಂಗ್ ರಾಜ್ಯ 975ರಲ್ಲಿ ಅಳಿಯಿತು. ಚೂ 978ರಲ್ಲಿ ಕೈಫೆಂಗಿನಲ್ಲಿ ಸುಂಗ್ ಚಕ್ರವರ್ತಿಗೆ 13 ಪ್ರಾಂತಗಳನ್ನೂ ಐದೂವರೆ ಲಕ್ಷ ಒಕ್ಕಲುಗಳನ್ನೂ ಲಕ್ಷಕ್ಕೆ ಮಿಕ್ಕಿದ ಸೈನ್ಯವನ್ನೂ ಒಪ್ಪಿಸಿದನು. ಮತ್ತೆ ತನ್ನ ಸಿಂಹಾಸನಕ್ಕೆ ಮರಳಲಿಲ್ಲ. ಹಾಂಗ್‌ಚೌ ನಗರ ಸುಡಲಿಲ್ಲ.

ಇದನ್ನು ಹೇಡಿತನವೆನ್ನುವಿರಾ? ಲಕ್ಷ ದಂಡು ಇದ್ದವನು ಕಾದಬಹುದಿತ್ತು. ಆದರೆ ಸಾಯುವವರು ಯಾರು? ಒಕ್ಕಲ ಮಕ್ಕಳು. ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿ ಎರಡು ಮನೆಗಳನ್ನೂ ಮುಳುಗಿಸುವುದನ್ನು ನಾವು ಕಂಡಿದ್ದೇವೆ. ಅವರಿಗೂ ಛಲವಿತ್ತು, ಏನು ಉಳಿಯಿತು?

ಅಜ್ಜ ಕಟ್ಟಿದ ಒಡ್ಡು ನೀರನ್ನು ತಡೆಯಿತು. ಮೊಮ್ಮಗ ಬಿಟ್ಟ ಪಟ್ಟ ನೆತ್ತರನ್ನು ತಡೆಯಿತು. ಇವೆರಡರಲ್ಲಿ ಯಾವುದು ಕಠಿಣವೆಂದು ಮನೆಗೆ ಹೋಗಿ ವಿಚಾರ ಮಾಡಿರಿ.