ಅಡುಗೆಯ ಮನೆಯ ಔಷಧಗಳು



ಈ ದಿನ ನಾವು ಮಾತನಾಡಬೇಕೆಂದಿರುವ ವಿಷಯವು ದೂರದ್ದಲ್ಲ. ಪ್ರತಿಯೊಂದು ಮನೆಯಲ್ಲಿಯೂ ಒಲೆಯ ಪಕ್ಕದಲ್ಲಿರುವ ಒಗ್ಗರಣೆಯ ಡಬ್ಬಿಯನ್ನೂ, ಹಿತ್ತಿಲಿನಲ್ಲಿ ತಾವಾಗಿಯೇ ಬೆಳೆದಿರುವ ನಾಲ್ಕು ಗಿಡಗಳನ್ನೂ ಕುರಿತದ್ದು. ಇವುಗಳ ವಿಷಯದಲ್ಲಿ ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳುಂಟು. ಇವೆಲ್ಲವೂ ಅಜ್ಜಿಯರ ಮೂಢನಂಬಿಕೆಯೆಂದು ತಳ್ಳಿಹಾಕುವವರು ಒಂದು ಕಡೆ. ಗಿಡದಿಂದ ಬಂದುದು ಎಷ್ಟು ತಿಂದರೂ ಕೆಡುಕು ಮಾಡದೆಂದು ನಂಬುವವರು ಇನ್ನೊಂದು ಕಡೆ. ಹಿಂದೆ ಮೊದಲನೆಯವರ ಸಂಖ್ಯೆ ಹೆಚ್ಚಾಗಿತ್ತು; ಈಚೆಗೆ ಎರಡನೆಯವರು ಹೆಚ್ಚಿದ್ದಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂಬುದನ್ನು ತಮ್ಮ ಮುಂದಿಡುವುದೇ ನಮ್ಮ ಉದ್ದೇಶ.

ಮಾತು ಗಾಳಿಯಲ್ಲಿ ತೇಲದಂತೆ ಒಂದು ಊರಿನ ಅಡುಗೆಯಿಂದಲೇ ಪ್ರಾರಂಭಿಸೋಣ. ದೊಡ್ಡಬಳ್ಳಾಪುರದ ತಾಲ್ಲೂಕಿನಲ್ಲಿ ಸಾಸಲು ಒಂದು ಹೋಬಳಿ. ಅದು ಬಯಲುಸೀಮೆಯ ಒಣಭೂಮಿ. ಮಳೆಯನ್ನು ನಂಬಿದ ರಾಗಿಯೇ ಆ ಸೀಮೆಯ ಮುಖ್ಯವಾದ ಬೆಳೆ. ಏಲಕ್ಕಿ, ಮೆಣಸುಗಳು ಅಲ್ಲಿಯ ಬೆಳೆಗಳಲ್ಲ. ಅವು ಮಲೆನಾಡಿನಿಂದ ಸಂತೆಗೆ ಬರಬೇಕು. ಆದರೆ ಒಂದೆರಡು ಹದಮಳೆ ಬಿದ್ದೊಡನೆಯೇ ಈ ಬಯಲುಸೀಮೆಯ ಹೊಲದ ಬದುಗಳಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆ, ಕೀರೆ ಮೊದಲಾದ ಸೊಪ್ಪುಗಳು ಬಿತ್ತದೆಯೇ ಏಳುತ್ತವೆ. ಹೆಂಗಸರು ಇವುಗಳನ್ನು ಆಯ್ದು ತಂದು ಬೆರಕೆ ಸೊಪ್ಪೆಂದು ಕರೆಯುತ್ತಾರೆ. ಅದನ್ನು ಕಾಳಿನೊಡನೆ ಬೇಯಿಸಿ, ಬಸಿದು, ಬಸಿದ ಕಟ್ಟಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಿಸೆಹಣ್ಣುಗಳನ್ನು ಸೇರಿಸಿ ಕುದಿಸಿದರೆ ಬಸ್ಸಾರು; ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇವೆರಡೂ ಮುದ್ದೆಯೊಡನೆ ತಟ್ಟೆಗೆ ಬರುತ್ತವೆ.

ಈ ಊಟದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು ಜೋಡಣೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಇರುತ್ತದೆ, ಕಬ್ಬಿಣವೂ ಉಂಟು. ಆದರೆ ಧಾನ್ಯದ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳದು. ನಿಂಬೆಯ ಹಣ್ಣು, ನೆಲ್ಲಿಯ ಕಾಯಿಗಳಲ್ಲಿರುವ ‘ಸಿ’ ಜೀವಸತ್ತ್ವವು ಅದನ್ನು ಹೀರಿಕೊಳ್ಳಲು ಸಹಾಯಮಾಡುತ್ತದೆ. ಆದುದರಿಂದ ಪಲ್ಯದ ಮೇಲೆ ಹಿಂಡಿದ ಅರ್ಧ ಹೋಳು ನಿಂಬೆಯು ಬರಿಯ ರುಚಿಗಾಗಿ ಅಲ್ಲ. ಎರಡನೆಯದು ಅಳತೆ. ಐದಾರು ಜನರ ಸಾರಿಗೆ ಹತ್ತು ಹನ್ನೆರಡು ಕಾಳು ಮೆಣಸು, ಒಂದು ಚಮಚ ಜೀರಿಗೆ, ಒಂದು ಗೆಡ್ಡೆ ಬೆಳ್ಳುಳ್ಳಿ ಬಿದ್ದರೆ ಅದೇ ಹೆಚ್ಚು. ಒಬ್ಬೊಬ್ಬರ ಪಾಲಿಗೆ ಬರುವುದು ಚಿಟಿಕೆಯಷ್ಟು ಮಾತ್ರ. ನಾಲಗೆಯೇ ಇಲ್ಲಿ ತಕ್ಕಡಿ. ಮೆಣಸು ಮಿತಿಮೀರಿದರೆ ಸಾರನ್ನು ಯಾರೂ ಮುಟ್ಟರು. ಈ ಎರಡನೆಯ ಅಂಶವನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ಉಳಿದ ಮಾತೆಲ್ಲವೂ ಅದನ್ನೇ ಅವಲಂಬಿಸಿದೆ.

ಅಡುಗೆಯನ್ನೂ ಔಷಧವನ್ನೂ ಒಟ್ಟಿಗೆ ನೋಡುವುದು ಕನ್ನಡಿಗರಿಗೆ ಹೊಸದಲ್ಲ. ಎರಡನೆಯ ಚಾವುಂಡರಾಯನು 1025ರ ಸುಮಾರಿನಲ್ಲಿ ರಚಿಸಿದ ಲೋಕೋಪಕಾರದಲ್ಲಿ ಬೇಸಾಯ, ಪಾಕ, ವೈದ್ಯ ಎಲ್ಲವೂ ಒಂದೇ ಗ್ರಂಥದಲ್ಲಿವೆ. ಶುಂಠಿ, ಮೆಣಸು, ಹಿಪ್ಪಲಿ ಈ ಮೂರನ್ನು ಆಯುರ್ವೇದವು ತ್ರಿಕಟುವೆಂದು ಕರೆದು, ಜಠರಾಗ್ನಿಯನ್ನು ಉದ್ದೀಪಿಸುವ ದ್ರವ್ಯಗಳಲ್ಲಿ ಸೇರಿಸಿದೆ. ಮೈಸೂರಿನಲ್ಲಿ 1950ರಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನಮ್ಮ ಸಾಂಬಾರ ಪದಾರ್ಥಗಳಲ್ಲಿ ಹಲವು ಪಿತ್ತರಸದ ಸ್ರಾವವನ್ನೂ ಜೀರ್ಣಕಾರಿ ಕಿಣ್ವಗಳ ಚಟುವಟಿಕೆಯನ್ನೂ ಹೆಚ್ಚಿಸುತ್ತವೆಂದು ಕಂಡಿದ್ದಾರೆ. ಹಳಬರು ಅಗ್ನಿಯೆಂದು ಹೇಳಿದುದಕ್ಕೂ ಹೊಸಬರು ಕಿಣ್ವವೆಂದು ಹೇಳುವುದಕ್ಕೂ ಇಲ್ಲಿ ಬಹಳ ದೂರವಿಲ್ಲ.

ಆದರೆ ಅದೇ ಆಯುರ್ವೇದವು ಹೇಳಿರುವ ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಅತಿಯಾಗಿ ಉಪಯೋಗಿಸಬಾರದ ಮೂರು ಪದಾರ್ಥಗಳನ್ನು ಹೆಸರಿಸಿದೆ: ಹಿಪ್ಪಲಿ, ಕ್ಷಾರ, ಉಪ್ಪು. ತಾನೇ ಔಷಧವೆಂದು ಹೊಗಳಿದ ಹಿಪ್ಪಲಿಯನ್ನೇ ಎಚ್ಚರಿಕೆಯ ಪಟ್ಟಿಯಲ್ಲಿ ಮೊದಲಿಗೆ ನಿಲ್ಲಿಸಿದ ಶಾಸ್ತ್ರವು, ಗಿಡದಿಂದ ಬಂದುದಕ್ಕೆ ದೋಷವೇ ಇಲ್ಲವೆಂದು ಎಂದಿಗೂ ಹೇಳಿಲ್ಲ.

ಈಗ ಒಂದೊಂದಾಗಿ ನೋಡೋಣ. ಓಕರಿಕೆಗೆ ಶುಂಠಿ ಒಳ್ಳೆಯದೆಂಬ ನಂಬಿಕೆಯನ್ನು ಈಗಿನ ಪರೀಕ್ಷೆಗಳೂ ಎತ್ತಿಹಿಡಿದಿವೆ. ಗರ್ಭಿಣಿಯರ ಓಕರಿಕೆಯಲ್ಲಿ ದಿನಕ್ಕೆ ಒಂದು ಗ್ರಾಮಿನಷ್ಟು ಒಣಶುಂಠಿಯಿಂದ ಗುಣ ಕಂಡಿದೆ. ಆದರೂ ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳುವುದು ಉಚಿತ. ನೆನೆಸಿದ ಮೆಂತ್ಯವು ತನ್ನ ನಾರಿನ ಅಂಶದಿಂದ ಊಟದ ತರುವಾಯ ರಕ್ತದಲ್ಲಿ ಸಕ್ಕರೆ ಏರುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಮಧುಮೇಹಕ್ಕೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುತ್ತಿರುವವರು ಹೆಚ್ಚಾಗಿ ಮೆಂತ್ಯವನ್ನು ಸೇವಿಸಿದರೆ ಸಕ್ಕರೆಯು ಬೇಕಾದುದಕ್ಕಿಂತ ಕೆಳಕ್ಕೆ ಇಳಿಯಬಹುದು. ಮಾತ್ರೆಯನ್ನು ಬಿಟ್ಟು ಮೆಂತ್ಯವನ್ನು ಹಿಡಿಯುವುದಂತೂ ಅಪಾಯವೇ ಸರಿ.

ಅರಿಸಿನದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಾಯ ಮಾಯಿಸುವ ಅದರ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಸ್ವಾಮ್ಯಪತ್ರವನ್ನು ಕೊಟ್ಟಿದ್ದರು. ಇದು ಭಾರತದಲ್ಲಿ ಹಿಂದಿನಿಂದಲೂ ತಿಳಿದ ವಿಷಯವೆಂದು ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಲಿಯವರು ಗ್ರಂಥಗಳ ಆಧಾರದಿಂದ ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅರಿಸಿನದ ಬಣ್ಣಕ್ಕೆ ಕಾರಣವಾದ ಕುರ್ಕುಮಿನ್ ಎಂಬ ವಸ್ತುವು ಅದರ ತೂಕದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಅದೂ ರಕ್ತಕ್ಕೆ ಸೇರುವುದು ಬಹಳ ಕಡಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎರಡು ಗ್ರಾಂ ಕುರ್ಕುಮಿನ್ನಿನೊಡನೆ ಮೆಣಸಿನ ಸತ್ತ್ವವಾದ ಪೈಪರಿನ್ ಇಪ್ಪತ್ತು ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣವು ಸುಮಾರು ಇಪ್ಪತ್ತು ಪಟ್ಟು ಏರಿತು. ಸಾರಿನಲ್ಲಿ ಅರಿಸಿನವೂ ಮೆಣಸೂ ಜೊತೆಯಾಗಿರುವುದಕ್ಕೆ ಇದೊಂದು ಸಮರ್ಥನೆಯೆಂದು ನಾವು ಸಂತೋಷಪಡಬಹುದು. ಆದರೆ ಲೆಕ್ಕವನ್ನು ನೋಡಿರಿ: ಎರಡು ಗ್ರಾಂ ಕುರ್ಕುಮಿನ್ ಬೇಕಾದರೆ ಅರವತ್ತು ಗ್ರಾಮಿಗೂ ಮಿಕ್ಕಿ ಅರಿಸಿನ ಬೇಕು. ಅಷ್ಟನ್ನು ಯಾವ ಮನೆಯಲ್ಲಿಯೂ ಯಾರೂ ಒಂದು ದಿನದಲ್ಲಿ ತಿನ್ನರು. ಗುಳಿಗೆಯ ರೂಪದಲ್ಲಾದರೋ ಅದು ಒಂದು ಗುಟುಕು ನೀರಿನ ಕೆಲಸ. ಅರಿಸಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಹತ್ತು ಮಂದಿಯ ವಿಷಯವು 2022ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಅವರಲ್ಲಿ ಒಬ್ಬರು ತೀರಿಹೋದರು. ಪರೀಕ್ಷಿಸಿದ ಗುಳಿಗೆಗಳಲ್ಲಿ ಕೆಲವಕ್ಕೆ ಮೆಣಸಿನ ಸತ್ತ್ವವನ್ನೂ ಸೇರಿಸಿತ್ತು. ಸಾರಿನ ಅರಿಸಿನವೂ ಗುಳಿಗೆಯ ಅರಿಸಿನವೂ ಹೆಸರಿನಲ್ಲಿ ಒಂದೇ ಆದರೂ ದೇಹಕ್ಕೆ ಒಂದೇ ಅಲ್ಲ.

ಇದೇ ಪಾಠವನ್ನು ಕೋವಿಡ್ ಪಿಡುಗಿನ ಕಾಲವು ನಮ್ಮ ನಗರಗಳಿಗೆ ಕಲಿಸಿತು. 2020ರಲ್ಲಿ ಆಯುಷ್ ಸಚಿವಾಲಯವು ತುಳಸಿ, ಚಕ್ಕೆ, ಮೆಣಸು, ಒಣಶುಂಠಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಸಾರಿ ಕುಡಿಯಬಹುದೆಂದೂ, 150 ಮಿಲಿಲೀಟರು ಹಾಲಿಗೆ ಅರ್ಧ ಚಮಚ ಅರಿಸಿನವನ್ನು ಹಾಕಿಕೊಳ್ಳಬಹುದೆಂದೂ ಸೂಚಿಸಿತು. ಸೂಚನೆಯಲ್ಲಿ ಅಳತೆಯಿತ್ತು, ಭಯದಲ್ಲಿ ಅನೇಕರು ಅಳತೆಯನ್ನು ಮರೆತರು. ಅದೇ ಕಾಲದಲ್ಲಿ ಅಮೃತಬಳ್ಳಿಯು ಮನೆಮನೆಯ ಮಾತಾಯಿತು. ಅದನ್ನು ಸೇವಿಸಿ ಯಕೃತ್ತಿನ ಕಾಯಿಲೆಗೆ ತುತ್ತಾದ ಆರು ಮಂದಿಯ ವಿಷಯವನ್ನು ಮುಂಬಯಿಯ ವೈದ್ಯರು 2021ರಲ್ಲಿಯೂ, ಹದಿಮೂರು ಆಸ್ಪತ್ರೆಗಳ 43 ರೋಗಿಗಳ ವಿಷಯವನ್ನು ಇತರರು 2022ರಲ್ಲಿಯೂ ಪ್ರಕಟಿಸಿದರು. ಸಚಿವಾಲಯವು ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯನ್ನು ತಿಂದಿರಬಹುದೆಂದು ಉತ್ತರಕೊಟ್ಟಿತು. ವಾದದಲ್ಲಿ ಯಾರ ಪಕ್ಷವನ್ನು ಹಿಡಿದರೂ ಗೃಹಸ್ಥನಿಗೆ ಸಿಕ್ಕುವ ಬುದ್ಧಿವಾದವು ಒಂದೇ: ಗುರುತು ತಿಳಿಯದ ಬಳ್ಳಿಯನ್ನು ತಿಂಗಳುಗಟ್ಟಲೆ ಕಷಾಯಮಾಡಿ ಕುಡಿಯತಕ್ಕದ್ದಲ್ಲ. ಎರಡರ ಎಲೆಯೂ ಹೃದಯದ ಆಕಾರದ್ದೇ. ಆದರೆ ಹೋಲುವ ಬಳ್ಳಿಯ ಕಾಂಡದ ತುಂಬ ಗಂಟುಗಂಟಾದ ಉಬ್ಬುಗಳಿರುತ್ತವೆ. ನಿಜವಾದ ಅಮೃತಬಳ್ಳಿಯ ಕಾಂಡದಿಂದ ಕಾಗದದಂತಹ ತೆಳುವಾದ ಸಿಪ್ಪೆ ಸುಲಿಯುತ್ತದೆ. ಸಂದೇಹ ಬಂದರೆ ತಿಳಿದವರನ್ನು ಕೇಳಬೇಕು. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಸಿಕ್ಕುವ ಯಲಹಂಕದ ಬಳಿ, ಸ್ಥಳೀಯ ವೈದ್ಯ ಸಂಪ್ರದಾಯಗಳ ಅಧ್ಯಯನಕ್ಕಾಗಿ 1993ರಲ್ಲಿ ಸ್ಥಾಪಿತವಾದ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯಲ್ಲಿ ಔಷಧಿ ಸಸ್ಯಗಳ ಒಣಮಾದರಿಗಳ ದೊಡ್ಡ ಸಂಗ್ರಹವೇ ಇದೆ.

ಕಾಮಾಲೆಗೆ ನೆಲನೆಲ್ಲಿ ಎಂಬ ಮಾತನ್ನು ಕೇಳದವರಿಲ್ಲ. ಯಕೃತ್ತಿನ ‘ಬಿ’ ವೈರಸ್ಸನ್ನು ಅದು ಹೋಗಲಾಡಿಸುವಂತೆ ಕಾಣುತ್ತದೆಂದು ಮದರಾಸಿನ ಸಂಶೋಧಕರು 1988ರಲ್ಲಿ ಪ್ರಕಟಿಸಿದಾಗ ಲೋಕವೆಲ್ಲ ಆಸಕ್ತಿಯಿಂದ ನೋಡಿತು. ತರುವಾಯ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲವು ಸ್ಥಿರವಾಗಿ ದೊರೆಯಲಿಲ್ಲ. ಹಾಗಾದರೆ ಹಳ್ಳಿಗಳಲ್ಲಿ ಗುಣವಾದುದನ್ನು ಕಣ್ಣಾರೆ ಕಂಡವರ ಮಾತು ಸುಳ್ಳೆ? ಸುಳ್ಳಲ್ಲ. ಕೆಟ್ಟ ನೀರಿನಿಂದ ಬರುವ ‘ಎ’ ಜಾತಿಯ ಕಾಮಾಲೆಯು ಸಾಮಾನ್ಯವಾಗಿ ವಿಶ್ರಾಂತಿಯಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ವಾರಗಳಲ್ಲಿ ಯಾವ ಮದ್ದು ಕೊಟ್ಟಿದ್ದರೂ ಕೀರ್ತಿ ಮದ್ದಿಗೇ ಸಲ್ಲುತ್ತದೆ. ತೊಂದರೆಯಿರುವುದು ತಾನಾಗಿ ಗುಣವಾಗದ ಬೇರೆ ಕಾಮಾಲೆಗಳಲ್ಲಿ. ಕಣ್ಣಿನ ಹಳದಿಯೊಂದನ್ನೇ ನೋಡಿ ಇದು ಯಾವ ಕಾಮಾಲೆಯೆಂದು ಹೇಳಲು ಬಾರದು, ರಕ್ತಪರೀಕ್ಷೆಯೇ ಆಗಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಕೂಸುಗಳ ವಿಷಯದಲ್ಲಿ. ನಮ್ಮಲ್ಲಿ ಎಳೆಗೂಸಿಗೆ ಬಜೆ, ಜಾಯಿಕಾಯಿ ಮೊದಲಾದುವನ್ನು ತೇಯ್ದು, ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವ ವಾಡಿಕೆಯುಂಟು. ಪ್ರೀತಿಯಿಂದ ಮಾಡುವ ಕೆಲಸವೇ ಇದು. ಆದರೆ ನಮ್ಮ ದೇಶದ ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಸ್ತುವು ಹೆಚ್ಚಾಗಿದೆ. ಪ್ರಾಣಿಗಳಲ್ಲಿ ಅದು ಗೆಡ್ಡೆಯ ರೋಗವನ್ನು ಉಂಟುಮಾಡಿದುದರಿಂದ ಅಮೆರಿಕದವರು 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿದರು. ಜಾಯಿಕಾಯಿಯು ಹೆಚ್ಚಾದರೆ ಮಂಪರನ್ನು ತರುತ್ತದೆ. ಅತ್ತ ಮಗು ಸುಮ್ಮನಾದುದು ಗುಣವೆಂದು ತೋರಿದರೂ ಅದು ವಿಷದ ಲಕ್ಷಣವಾಗಿರಬಹುದು. ಜೇನುತುಪ್ಪದಲ್ಲಿ ಅಪರೂಪವಾಗಿ ಇರುವ ಒಂದು ಬಗೆಯ ರೋಗಾಣುವಿನ ಬೀಜಗಳು ಒಂದು ವರ್ಷ ತುಂಬದ ಮಕ್ಕಳ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಬಲ್ಲವು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಈ ವಿಷಯದಲ್ಲಿ ಹಿರಿಯರ ಮನಸ್ಸನ್ನು ನೋಯಿಸದೆ ಆ ತೇಯುವ ಕಲ್ಲನ್ನು ಎತ್ತಿಡುವುದೇ ಮೇಲು.

ಕೊನೆಯದಾಗಿ ಅಂಗಡಿಯ ಮಾತು. ಅರಿಸಿನಕ್ಕೆ ಹೊಳಪು ಕೊಡಲು ಸೀಸದ ಕ್ರೋಮೇಟೆಂಬ ಹಳದಿ ಬಣ್ಣವನ್ನು ಬಳಿಯುತ್ತಾರೆಂಬುದು 2019ರಲ್ಲಿ ಬಾಂಗ್ಲಾದೇಶದಲ್ಲಿ ಬಯಲಾಯಿತು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೇ ಮುಳುವಾದುದು. ಬಣ್ಣವನ್ನು ಕೊಂಬಿನ ಮೇಲೆಯೇ ಬಳಿಯುತ್ತಿದ್ದುದರಿಂದ, ಪುಡಿಗಿಂತ ಕೊಂಬು ಶುದ್ಧವೆಂದು ಸುಮ್ಮನೆ ನಂಬುವಂತಿಲ್ಲ. ಕಣ್ಣು ಕೋರೈಸುವ ಕೊಂಬನ್ನು ಬಿಟ್ಟು ಮಂಕಾದುದನ್ನೇ ಆರಿಸಿ, ಉಜ್ಜಿ ತೊಳೆದು, ಒಣಗಿಸಿ ಕುಟ್ಟಿಸುವುದು ಲೇಸು. ಚಕ್ಕೆಯಲ್ಲಿಯೂ ಎರಡು ಬಗೆಯುಂಟು. ದಪ್ಪವಾಗಿ ಗಡುಸಾಗಿರುವ ಅಗ್ಗದ ಬಗೆಯಲ್ಲಿ ಕೌಮರಿನ್ ಎಂಬ ಅಂಶ ಹೆಚ್ಚಾಗಿರುವುದರಿಂದ, ಅದನ್ನು ಪಲಾವಿಗೆ ಹಾಕಬಹುದೇ ಹೊರತು ಪ್ರತಿದಿನವೂ ಚಮಚಗಟ್ಟಲೆ ಪುಡಿಯಾಗಿ ಸೇವಿಸಬಾರದು.

ಇಷ್ಟನ್ನೂ ಕೇಳಿ ಒಗ್ಗರಣೆಯ ಡಬ್ಬಿಗೆ ಬೀಗ ಹಾಕಬೇಕೆಂದು ಯಾರೂ ತಿಳಿಯಬಾರದು. ನೆಗಡಿಯಾದಾಗ ಬಿಸಿಯಾದ ಮೆಣಸಿನ ಸಾರನ್ನು ಕುಡಿಯಿರಿ. ಹೊಟ್ಟೆಯುಬ್ಬರಕ್ಕೆ ಓಮವನ್ನು ಅಗಿಯಿರಿ. ಊಟದ ಮೇಲೆ ಜೀರಿಗೆ ಹಾಕಿದ ಮಜ್ಜಿಗೆಯಿರಲಿ. ಹಿತ್ತಿಲಿನ ದೊಡ್ಡಪತ್ರೆಯಿಂದ ಮಲೆನಾಡಿನವರಂತೆ ತಂಬುಳಿ ಮಾಡಿರಿ. ವಾರಕ್ಕೆರಡು ಸಾರಿಯಾದರೂ ಬೆರಕೆ ಸೊಪ್ಪಿನ ಬಸ್ಸಾರನ್ನು ಉಣ್ಣಿರಿ. ಇವು ಆಹಾರವಾಗಿರುವವರೆಗೆ ಭಯಕ್ಕೆ ಕಾರಣ ಕಡಮೆ. ಇವುಗಳಲ್ಲಿ ಒಂದನ್ನು ಆಹಾರದಿಂದ ಬೇರ್ಪಡಿಸಿ, ಪುಡಿಯಾಗಿಯೋ ಗುಳಿಗೆಯಾಗಿಯೋ ದಿನವೂ ಹೆಚ್ಚಾಗಿ ಸೇವಿಸಲು ತೊಡಗಿದ ದಿವಸವೇ ಅದು ಔಷಧವಾಯಿತೆಂದು ತಿಳಿಯಬೇಕು. ಔಷಧಕ್ಕೆ ಗೊತ್ತಾದ ಅಳತೆ, ಗೊತ್ತಾದ ಅವಧಿ, ಕೇಳಲು ಒಬ್ಬ ವೈದ್ಯ, ಈ ಮೂರೂ ಬೇಕು. ಆ ವೈದ್ಯನು ಆಯುರ್ವೇದದವನಾಗಲಿ ಅಲೋಪತಿಯವನಾಗಲಿ, ಮನೆಯಲ್ಲಿ ಏನೇನನ್ನು ಸೇವಿಸುತ್ತಿದ್ದೇವೆಂಬುದನ್ನು ಮುಚ್ಚಿಡದೆ ಅವನಿಗೆ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರಂತೂ ಇದನ್ನು ಮರೆಯಲೇಬಾರದು. ಮೂರು ದಿನಕ್ಕೆ ಇಳಿಯದ ಜ್ವರ, ಹಳದಿಯಾದ ಕಣ್ಣು, ಹಾಲು ಕುಡಿಯದ ಕೂಸು, ಇವುಗಳ ಮುಂದೆ ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು.